ಆಲ್ ವೀಲ್ ಡ್ರೈವ್ ಕೆಲಸ ಶುರುವಾಗೋದು ಹಿಂದಿನ ಸೀಟಿನ ಕೆಳಗೆ

ಆಲ್ ವೀಲ್ ಡ್ರೈವ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡೋ ವಿಷಯ ಎತ್ತಿದ ತಕ್ಷಣ ಎಲ್ಲರೂ ಮೊದಲು ಬಾನೆಟ್ ಎತ್ತುತಾರೆ. ಎಂಜಿನ್ ಯಾವ್ದು, ಗೇರ್‌ಬಾಕ್ಸ್ ಯಾವ್ದು, ಎಷ್ಟು ಪವರ್ ತಡ್ಕೊಳತ್ತೆ, ಬರೀ ಇದೇ ಮಾತು. ನಾನು ಇವತ್ತು ನಿಮ್ಮನ್ನ ಹಿಂದಿನಿಂದ ಮುಂದಕ್ಕೆ ಕರ್ಕೊಂಡು ಹೋಗ್ತೀನಿ. ಮುಂದಿನ ಚಕ್ರ ಎಳೆಯೋ ಕಾರನ್ನ ಮನೇಲೇ ನಾಲ್ಕೂ ಚಕ್ರ ಎಳೆಯೋ ಹಾಗೆ ಮಾಡ್ಬೇಕು ಅಂತಿದ್ರೆ, ಮೊದಲು ಹಿಂದಿನ ಸೀಟ್ ಕಿತ್ತು ಪಕ್ಕಕ್ಕಿಡಿ, ಕಾರನ್ನ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಟಾರ್ಚ್ ಹಿಡ್ಕೊಂಡು ಅದರ ಹಿಂಭಾಗದ ಕೆಳಗೆ ಮಲ್ಕೊಂಡು ಒಂದು ಗಂಟೆ ಸುಮ್ನೆ ನೋಡಿ. ಈ ಕೆಲಸ ಆಗತ್ತೋ ಇಲ್ವೋ ಅನ್ನೋದು ಗೊತ್ತಾಗೋದು ಅಲ್ಲಿ.

ಅದಕ್ಕೂ ಮುಂಚೆ, ಇಷ್ಟೆಲ್ಲಾ ಒದ್ದಾಡಿದ್ರೆ ಸಿಗೋದೇನು ಅಂತ ಲೆಕ್ಕ ಹಾಕೋಣ. 1100 ಕಿಲೋ ತೂಕದ ಸಣ್ಣ ಕಾರು ತಗೊಳ್ಳಿ. ಮುಂದೆ 60 ಪರ್ಸೆಂಟ್ ಭಾರ, ಹಿಂದೆ 40. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ 2.5 ಮೀಟರ್, ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ. ಈ ಕಾರು 20 ಪರ್ಸೆಂಟ್ ಏರಲ್ಲಿ ನಿಂತಿದೆ, ಕೆಳಗೆ ಒದ್ದೆ ಮಣ್ಣು, ಟೈರಿನ ಹಿಡಿತ 0.3 ಅಂತ ಇಟ್ಕೊಳ್ಳಿ. ಏರಲ್ಲಿ ಭಾರ ಹಿಂದಕ್ಕೆ ಸರಿಯತ್ತೆ, ಹಾಗಾಗಿ ಸಮತಟ್ಟಲ್ಲಿ 660 ಕಿಲೋ ಹೊತ್ತಿದ್ದ ಮುಂದಿನ ಚಕ್ರಗಳು ಈಗ ಸುಮಾರು 600 ಕಿಲೋ ಮಾತ್ರ ಹೊರ್ತಾವೆ. ಅದರ 0.3 ಅಂದ್ರೆ 180 ಕಿಲೋ ಎಳೆತ. ಕಾರು ಹಿಂದಕ್ಕೆ ಜಾರದೆ ನಿಲ್ಲೋಕೇ 215 ಕಿಲೋ ಬೇಕು. ಸೋತ್ವಿ. ಎಂಜಿನ್ ಎಷ್ಟೇ ದೊಡ್ಡದಿರ್ಲಿ ಚಕ್ರ ಸುಮ್ನೆ ಅಲ್ಲೇ ತಿರುಗತ್ತೆ. ಅದೇ ನಾಲ್ಕೂ ಚಕ್ರ ಎಳೆದ್ರೆ ಇಡೀ ಕಾರಿನ ಭಾರ ಕೆಲಸಕ್ಕೆ ಬರತ್ತೆ, 320 ಕಿಲೋ ಆಸುಪಾಸಿನ ಎಳೆತ ಸಿಗತ್ತೆ, ಕಾರು ಆರಾಮಾಗಿ ಹತ್ತತ್ತೆ. ನಾವು ಕೊಂಡ್ಕೊಳ್ತಾ ಇರೋದು ಈ 180ಕ್ಕೂ 320ಕ್ಕೂ ಇರೋ ವ್ಯತ್ಯಾಸ, ಅಷ್ಟೇ. ಬ್ರೇಕ್ ಹಾಕಿದಾಗ ಇದ್ರಿಂದ ಏನೂ ಲಾಭ ಇಲ್ಲ, ಯಾಕಂದ್ರೆ ನಾಲ್ಕು ಚಕ್ರಕ್ಕೂ ಬ್ರೇಕ್ ಮೊದಲಿಂದಾನೂ ಇದೆ, ಮೇಲಾಗಿ ಕಾರು 70 ರಿಂದ 100 ಕಿಲೋ ಭಾರ ಬೇರೆ ಆಗಿರತ್ತೆ. ನಾಲ್ಕು ಚಕ್ರ ಎಳೆಯೋ ಕಾರಲ್ಲಿ ಜನ ಜಾರೋ ರಸ್ತೇಲಿ ಬೇಗ ವೇಗ ಹಿಡೀತಾರೆ, ನಿಲ್ಲಿಸೋವಾಗ ಮಾತ್ರ ಎಲ್ಲರ ಕಾರಿನ ಹಾಗೇನೇ. ಇದು ನೆನಪಿರ್ಲಿ.

ಈಗ ಕಾರಿನ ಕೆಳಗೆ ಹೋಗೋಣ. ಇವತ್ತಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರತ್ತೆ, ಗೇರ್‌ಬಾಕ್ಸ್ ಅದರ ಪಕ್ಕ, ಗೇರ್‌ಬಾಕ್ಸ್ ಹೊಟ್ಟೆ ಒಳಗೇ ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಟ್ಟು ಎರಡಕ್ಕೂ ಶಕ್ತಿ ಹಂಚೋ ಗೇರ್ ಗುಂಪು), ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಡ್ರೈವ್ ಶಾಫ್ಟ್. ಎಲ್ಲಾ ಶಕ್ತಿ ಅಡ್ಡ ದಿಕ್ಕಲ್ಲೇ ಹರಿಯತ್ತೆ. ಹಿಂದಕ್ಕೆ ಕಳಿಸ್ಬೇಕು ಅಂದ್ರೆ ಮುಂದಿನ ಡಿಫರೆನ್ಷಿಯಲ್ ಹತ್ರ ಒಂದು ಕೋನದ ಗೇರ್‌ಪೆಟ್ಟಿಗೆ ಬೇಕು, ಟ್ರಾನ್ಸ್‌ಫರ್ ಕೇಸ್ ಅಂತಾರೆ, ಅದು ಶಕ್ತಿನ 90 ಡಿಗ್ರಿ ತಿರುಗಿಸಿ ಹಿಂದಕ್ಕೆ ಕೊಡತ್ತೆ. ಅಲ್ಲಿಂದ ಉದ್ದಕ್ಕೆ ಪ್ರಾಪ್ ಶಾಫ್ಟ್, ಹಿಂದೆ ಇನ್ನೊಂದು ಡಿಫರೆನ್ಷಿಯಲ್, ಅದರಿಂದ ಎರಡು ಶಾಫ್ಟ್, ತುದೀಲಿ ಒಳಗೆ ಸ್ಪ್ಲೈನ್, ಅಂದ್ರೆ ಶಾಫ್ಟ್ ಕಚ್ಕೊಳೋ ಹಲ್ಲಿನ ಸಾಲು, ಇರೋ ಹಬ್. ನಿಮ್ಮ ಕಾರಿನ ಹಿಂದಿನ ಹಬ್ ಬರೀ ಬೇರಿಂಗ್ ಮೇಲೆ ತಿರುಗೋ ಮೊಂಡು ಹಬ್, ಅದರೊಳಗೆ ಶಾಫ್ಟ್ ತೂರಿಸೋಕೆ ತೂತೇ ಇರಲ್ಲ.

ಹಿಂದುಗಡೆ ಈಗ ಏನೇನಿದೆ ನೋಡಿ. ಎರಡು ಚಕ್ರ ಸೇರಿಸೋ ಒಂದು ದಪ್ಪ ಟಾರ್ಷನ್ ಬೀಮ್, ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್, ಪಕ್ಕದಲ್ಲಿ ಸೈಲೆನ್ಸರ್, ಅದರ ಹಿಂದೆ ಸ್ಟೆಪ್ನಿ ಕೂರೋ ಗುಂಡಿ. ಡಿಫರೆನ್ಷಿಯಲ್, ಅದರ ಫ್ರೇಮ್, ಪ್ರಾಪ್ ಶಾಫ್ಟ್ ಕೂರ್ಬೇಕಾದ ಜಾಗಾನೇ ಇವು ಹಂಚ್ಕೊಂಡು ಕೂತಿವೆ. ಮುಂದಿನ ಕೆಲಸ ಎಷ್ಟೇ ಕಷ್ಟ ಇದ್ರೂ ಅದು ಬೋಲ್ಟು ನಟ್ಟಿನ ಕೆಲಸ. ಹಿಂದಿನದು ಬಾಡಿ ಕತ್ತರಿಸಿ ಬೆಸೆಯೋ ಕೆಲಸ, ಅದ್ರಲ್ಲಿ ತಪ್ಪಿದ್ರೆ ಸ್ಪ್ಯಾನರ್ ಹಿಡಿದು ಬಿಚ್ಚಿ ಸರಿ ಮಾಡೋಕಾಗಲ್ಲ.

ಹಾಗಾಗಿ ನಾನು ಎಲ್ಲರಿಗೂ ಕೇಳೋ ಮೊದಲ ಪ್ರಶ್ನೆ ಒಂದೇ: ನಿಮ್ಮ ಕಾರಿಗೆ ನಾಲ್ಕು ಚಕ್ರ ಎಳೆಯೋ ಅಣ್ಣನೋ ತಮ್ಮನೋ ಇದ್ದಾನಾ? ಅಂದ್ರೆ ಅದೇ ಅಡಿಪಾಯದ ಮೇಲೆ ಕಂಪನಿಯೇ ಆಲ್ ವೀಲ್ ಡ್ರೈವ್ ಮಾಡಿ ಮಾರಿದ ಇನ್ನೊಂದು ಮಾಡೆಲ್. ಮಿತ್ಸುಬಿಷಿ ಎಕ್ಲಿಪ್ಸ್ 1990ರ ಮಾಡೆಲ್‌ನಲ್ಲಿ ಎರಡೂ ಬಗೆ ಬಂತು, ಮೇಲೆ ನೋಡೋಕೆ ಒಂದೇ, ಕೆಳಗೆ ಹಿಂದಿನ ನೆಲ ಬೇರೆ. ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್, ಅದೇ ಕಾಲದ ಆಡಿ ಎ3, ಆಡಿ ಟಿಟಿ ಎಲ್ಲಾ ಒಂದೇ ಅಡಿಪಾಯ, ಅದಕ್ಕೇ ಮುಂದಿನ ಚಕ್ರದ ಗಾಲ್ಫ್‌ಗೆ ನಾಲ್ಕು ಚಕ್ರದ ಟಿಟಿಯ ಹಿಂದಿನ ನೆಲ ಕತ್ತರಿಸಿ ಬೆಸೆದ ಜನ ಇದ್ದಾರೆ. ಹೋಂಡಾ ಸಿವಿಕ್‌ಗೆ ಮೊದಲ ತಲೆಮಾರಿನ ಸಿಆರ್‌ವಿ ಸಾಮಾನು ಹಾಕೋದು ಇನ್ನೊಂದು ಹೆಸರಾದ ದಾರಿ. ಅಣ್ಣ ತಮ್ಮ ಯಾರೂ ಇಲ್ಲ ಅಂದ್ರೆ ಪ್ರತಿ ಬ್ರಾಕೆಟ್ಟೂ ಪ್ರತಿ ಶಾಫ್ಟೂ ನೀವೇ ಅಳೆದು ಮಾಡಿಸ್ಬೇಕು, ಮೊದಲ ಸಲ ಮಾಡೋರಿಗೆ ನಾನು ಅದನ್ನ ಬೇಡ ಅಂತೀನಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗ್ತೀನಿ, ಯಾಕಂದ್ರೆ ಈ ಹಿಂದಿನ ನೆಲದ ಸಮಸ್ಯೆನ ಬೇರೆ ಬೇರೆಯವರು ಹೇಗೆ ಬಿಡಿಸಿದ್ರು ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಸಿಟ್ರೊಯೆನ್ ಕಂಪನಿ 1960ರ ದಶಕದಲ್ಲಿ 2ಸಿವಿ ಸಹಾರಾ ಅಂತ ಕಾರು ಮಾಡ್ತು. ಅದ್ರಲ್ಲಿ ಪ್ರಾಪ್ ಶಾಫ್ಟೇ ಇಲ್ಲ. ಹಿಂದೆ ಡಿಕ್ಕೀಲಿ ಇನ್ನೊಂದು ಎಂಜಿನ್ ಇಟ್ರು, 425 ಸಿಸಿದು, ಮುಂದಿರೋ ಥರದ್ದೇ! ಎರಡು ಗೇರ್‌ಬಾಕ್ಸ್, ಆದ್ರೆ ಕ್ಲಚ್ ಪೆಡಲ್ ಒಂದೇ, ಗೇರ್ ಕೋಲು ಒಂದೇ. ಟ್ಯಾಂಕ್ ಎರಡು, ಮುಂದಿನ ಸೀಟುಗಳ ಕೆಳಗೆ. ಒಂದು ಎಂಜಿನ್ ಕೆಟ್ರೆ ಇನ್ನೊಂದ್ರಲ್ಲಿ ಮನೆಗೆ ಬರಬಹುದಿತ್ತು. 694 ಕಾರು ಮಾತ್ರ ಮಾಡಿದ್ರು. ಫಿಯಾಟ್ 1983ರಲ್ಲಿ ಪಾಂಡಾ 4x4 ತಂದಾಗ ಬೇರೆ ದಾರಿ ಹಿಡೀತು, 965 ಸಿಸಿ ಅಡ್ಡ ಎಂಜಿನ್, ಆಸ್ಟ್ರಿಯಾದ ಸ್ಟೈರ್ ಪುಖ್ ಅವರ ಡ್ರೈವ್ ಸಾಮಾನು, ಹಿಂದೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್. ನಾಲ್ಕು ಚಕ್ರ ಬೇಕಾದಾಗ ಮಾತ್ರ ಕೋಲು ಎಳೆದು ಹಾಕ್ಕೊಳ್ಳೋದು. ಮನೇಲಿ ಕೆಲಸ ಮಾಡೋರಿಗೆ ಈ ಪಾಂಡಾದಲ್ಲಿ ಕಲಿಯೋದು ತುಂಬಾ ಇದೆ, ಗಟ್ಟಿ ಆಕ್ಸಲ್ ಹಾಕಿದ್ರೆ ಡಿಫರೆನ್ಷಿಯಲ್‌ಗೆ ಬೇರೆ ಫ್ರೇಮ್ ಬೇಡ, ಆಕ್ಸಲ್ಲೇ ಅದರ ಮನೆ, ಬಾಡಿಗೆ ನಾಲ್ಕು ಕಡೆ ಸ್ಪ್ರಿಂಗ್ ಕಟ್ಟಿದ್ರೆ ಆಯ್ತು. ಆದ್ರೆ ಆಕ್ಸಲ್ ಮೇಲೆ ಕೆಳಗೆ ಆಡೋಕೆ ಜಾಗ ಬೇಕು, ಹಾಗಾಗಿ ನೆಲ ಎತ್ತಬೇಕು, ಇಲ್ಲಾ ಕಾರನ್ನೇ ಎತ್ತಬೇಕು.

ಸರಿ, ವಾಪಸ್ ಬರೋಣ. ನನ್ನ ಕೆಲಸದಲ್ಲಿ ನಾನು ಹಿಡಿದಿದ್ದು ಆ ಅಣ್ಣ ತಮ್ಮನ ನೆಲ ತಂದು ಬೆಸೆಯೋ ದಾರಿ, ಅಪಘಾತದಲ್ಲಿ ಮುಂಭಾಗ ಜಜ್ಜಿಹೋಗಿದ್ದ ಅದೇ ಅಡಿಪಾಯದ ನಾಲ್ಕು ಚಕ್ರದ ಕಾರೊಂದನ್ನ ಇಡಿಯಾಗಿ ತಗೊಂಡೆ. ಬಿಡಿಬಿಡಿಯಾಗಿ ತಗೊಳೋಕಿಂತ ಇಡೀ ಕಾರು ತಗೊಳೋದು ಯಾವಾಗ್ಲೂ ಮೇಲು, ಯಾಕಂದ್ರೆ ನೀವು ಪಟ್ಟಿ ಮಾಡೋಕೆ ಮರೆತ ಸಣ್ಣ ಸಣ್ಣ ಸಾಮಾನು, ಹ್ಯಾಂಡ್ ಬ್ರೇಕ್ ಕೇಬಲ್, ಟ್ಯಾಂಕ್ ಪಟ್ಟಿ, ಶಾಖ ತಡೆಯೋ ತಗಡು, ಶಾಫ್ಟ್ ಮಧ್ಯದ ಬೇರಿಂಗ್ ಕಟ್ಟೋ ಬ್ರಾಕೆಟ್, ಅವೆಲ್ಲಾ ಅದ್ರಲ್ಲೇ ಇರತ್ತೆ, ಯಾವ್ದು ಎಲ್ಲಿ ಕೂರತ್ತೆ ಅಂತ ತೋರ್ಸೋ ನಕ್ಷೇನೂ ಅದೇ ಕಾರು. ಬಿಚ್ಚೋಕೆ ಮುಂಚೆ ನಾನು ಅದರ ಕೆಳಗೆ ಎರಡು ದಿನ ಬರೀ ಅಳತೆ ತಗೊಂಡೆ.

ನೆಲ ಬದಲಾಯಿಸೋದ್ರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕಾರಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಹಿಂದಿನ ನೆಲ ಕತ್ತರಿಸಿ ತೆಗೆದ ಕ್ಷಣ ಅದು ತನ್ನ ಭಾರಕ್ಕೇ ಬಗ್ಗೋಕೆ ಶುರು ಮಾಡತ್ತೆ, ಕಣ್ಣಿಗೆ ಕಾಣಲ್ಲ, ಆಮೇಲೆ ಬಾಗಿಲು ಹಾಕೋಕೆ ಹೋದ್ರೆ ಕೂರಲ್ಲ. ಅದಕ್ಕೆ ಕತ್ತರಿಸೋ ಮುಂಚೆ ಬಾಗಿಲು ಜಾಗಗಳಿಗೆ ಅಡ್ಡ, ಕರ್ಣಕ್ಕೆ, ಕಬ್ಬಿಣದ ಪೈಪ್ ಬೆಸೆದು ಬಿಗೀಬೇಕು. ಕಂಪನಿಯವರು ಬಾಡಿ ಅಳೆಯೋಕೆ ಅಂತಾನೇ ಕೆಳಗೆ ಗುಂಡನೆ ತೂತುಗಳನ್ನ ಬಿಟ್ಟಿರ್ತಾರೆ, ಆ ತೂತಿಂದ ತೂತಿಗೆ ಉದ್ದ, ಅಗಲ, ಕರ್ಣ ಎಲ್ಲಾ ಅಳೆದು ಬರ್ಕೊಳ್ಳಿ, ಎರಡೂ ಕರ್ಣ ಒಂದೇ ಇದ್ರೆ ಬಾಡಿ ಚೌಕಾಗಿದೆ ಅಂತ ಅರ್ಥ. ಬೆಸೆದ ಮೇಲೂ ಅದೇ ಅಂಕಿ ಬರ್ಬೇಕು. ನೆಲ ಸೇರಿರೋ ಕಡೆ ಸಾಲಾಗಿ ಸ್ಪಾಟ್ ವೆಲ್ಡ್ ಚುಕ್ಕಿ ಇರತ್ತೆ, ಅದಕ್ಕೇ ಅಂತ ಇರೋ ಬಿಟ್‌ನಲ್ಲಿ ಒಂದೊಂದನ್ನೇ ಕೊರೆದು ಬಿಡಿಸಿದ್ರೆ ತಗಡು ಹರಿಯದೆ ಬರತ್ತೆ. ನಾನು ಇನ್ನೂರಕ್ಕೂ ಹೆಚ್ಚು ಚುಕ್ಕಿ ಕೊರೆದೆ, ಭುಜ ಒಂದು ವಾರ ನೋಯ್ತಾ ಇತ್ತು. ಗ್ರೈಂಡರ್ ಹಿಡಿದು ಸರ್ರಂತ ಕತ್ತರಿಸಿದ್ರೆ ಅರ್ಧ ದಿನದಲ್ಲಿ ಮುಗಿಯತ್ತೆ ನಿಜ, ಆದ್ರೆ ಆಗ ಎರಡು ತಗಡು ಒಂದರ ಮೇಲೊಂದು ಕೂರೋ ಅಂಚೇ ಹೊರಟೋಗತ್ತೆ, ಅಂಚಿಗೆ ಅಂಚು ಬೆಸೆಯೋದು ಎಷ್ಟು ಕಷ್ಟ ಅಂತ ಬೆಸೆದೋರಿಗೇ ಗೊತ್ತು.

ಇನ್ನೊಂದು, ಹೊಸ ಕಾರುಗಳಲ್ಲಿ ಕೆಲವು ಕಡೆ ಬೋರಾನ್ ಸೇರಿಸಿದ ತುಂಬಾ ಗಟ್ಟಿ ಉಕ್ಕು ಇರತ್ತೆ. ಅದಕ್ಕೆ ಮನೆಯ ವೆಲ್ಡಿಂಗ್ ಮೆಷಿನ್ ಶಾಖ ಕೊಟ್ರೆ ಬೆಸುಗೆ ಪಕ್ಕದ ಉಕ್ಕು ತನ್ನ ಗಟ್ಟಿತನ ಕಳ್ಕೊಳತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಈ ಕೆಲಸಕ್ಕೆ ಹಳೇ ಕಾರು ಒಳ್ಳೇದು ಅಂತ ನಾನು ಹೇಳೋಕೆ ದೊಡ್ಡ ಕಾರಣ ಇದು.

ಡಿಫರೆನ್ಷಿಯಲ್ಲನ್ನ ತೆಳು ತಗಡಿಗೆ ಕಟ್ಟೋರನ್ನ ನೋಡಿದೀನಿ, ದಯವಿಟ್ಟು ಮಾಡ್ಬೇಡಿ. ಲೆಕ್ಕ ನೋಡಿ, ಎಂಜಿನ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, 150 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.5, ಅದಾದ ಮೇಲೆ ಬರೋ ಫೈನಲ್ ಡ್ರೈವ್ ಅನುಪಾತ 4, ಗುಣಿಸಿದ್ರೆ ಚಕ್ರದ ಹತ್ರ 2100. ಅರ್ಧ ಹಿಂದಕ್ಕೆ ಹೋದ್ರೆ 1050. ಚಕ್ರ ಮುಂದಕ್ಕೆ ತಿರುಗಿದಷ್ಟೇ ಬಲವಾಗಿ ಡಿಫರೆನ್ಷಿಯಲ್ ಹಿಂದಕ್ಕೆ ತಿರುಗೋಕೆ ನೋಡತ್ತೆ, ಅದನ್ನ ತಡೆಯೋದು ಡಿಫರೆನ್ಷಿಯಲ್ ಕಟ್ಟಿರೋ ನಾಲ್ಕು ಬೋಲ್ಟು. ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ಅರ್ಧ ಮೀಟರ್ ಇದ್ರೆ ಪ್ರತಿ ಕಡೆ 200 ಕಿಲೋಗೂ ಮೀರಿದ ಎಳೆತ, ಕ್ಲಚ್ ತಟ್ಟನೆ ಬಿಟ್ರೆ ಅದರ ಎಷ್ಟೋ ಪಟ್ಟು. ಬಾಡಿ ಕೆಳಗೆ ಉದ್ದಕ್ಕೆ ಬೆಸೆದಿರೋ ಪೆಟ್ಟಿಗೆ ಥರದ ರೈಲಿಗೆ, ರೈಲ್ ಒಳಗೆ ಟ್ಯೂಬ್ ತೂರಿಸಿ ಬೆಸೆದು, ಬೋಲ್ಟ್ ಬಿಗಿದಾಗ ರೈಲ್ ಅಪ್ಪಚ್ಚಿ ಆಗದ ಹಾಗೆ ಮಾಡಿ ಕಟ್ಟಿ, ಮಧ್ಯೆ ರಬ್ಬರ್ ಬುಷ್ ಇರ್ಲಿ.

ಈಗ ಗೇರ್ ಅನುಪಾತ. ಇದರ ಬಗ್ಗೆ ಮಾತಾಡೋಕೇ ನಾನು ಇವತ್ತು ಒಪ್ಕೊಂಡಿದ್ದು ಅಂದ್ರೂ ಸರಿ. ಮುಂದಿನ ಕೋನದ ಪೆಟ್ಟಿಗೆ ಸಾಮಾನ್ಯವಾಗಿ ವೇಗ ಹೆಚ್ಚಿಸಿ ಕಳಿಸತ್ತೆ, ಚಕ್ರ ಒಂದು ಸುತ್ತು ತಿರುಗಿದ್ರೆ ಪ್ರಾಪ್ ಶಾಫ್ಟ್ ಎರಡೂವರೆ ಸುತ್ತು ಅಂತಿಟ್ಕೊಳ್ಳಿ. ಹಿಂದಿನ ಡಿಫರೆನ್ಷಿಯಲ್ ಅದನ್ನ ಮತ್ತೆ ಅಷ್ಟೇ ಇಳಿಸತ್ತೆ. ಯಾಕೆ ಈ ಸುತ್ತುಬಳಸು ಅಂದ್ರೆ, ಶಾಫ್ಟ್ ವೇಗವಾಗಿ ತಿರುಗಿದಷ್ಟೂ ಅದರ ಮೇಲಿನ ಟಾರ್ಕ್ ಕಡಿಮೆ. ಆ 1050 ಈಗ 420 ಆಗತ್ತೆ, ಶಾಫ್ಟ್ ತೆಳ್ಳಗೆ ಹಗುರಾಗಿ ಮಾಡಬಹುದು. ಆದ್ರೆ ಮುಂದೆ ಏರಿಸಿದ್ದೂ ಹಿಂದೆ ಇಳಿಸಿದ್ದೂ ಸರಿಸಮ ಇರ್ಲೇಬೇಕು.

ನಾನು ತಗೊಂಡ ಆ ಅಪಘಾತದ ಕಾರಿಂದ ಬಂದ ಹಿಂದಿನ ಡಿಫರೆನ್ಷಿಯಲ್ ಕೇಸಲ್ಲಿ ಸಣ್ಣ ಬಿರುಕಿತ್ತು. ಹಳೇ ಸಾಮಾನಿನ ಅಂಗಡೀಲಿ ಅದೇ ಕಂಪನಿದು, ಅದೇ ಆಕಾರದ್ದು ಸಿಕ್ತು, ಅದೇ ಬೋಲ್ಟ್ ತೂತು, ಎಲ್ಲಾ ಕೂತ್ಕೊಳ್ತು, ತಗೊಂಡು ಹಾಕ್ದೆ. ಮೊದಲ ಸಲ ಓಡಿಸಿದಾಗ ಖುಷೀಲಿ ಏನೂ ಗಮನಕ್ಕೆ ಬರ್ಲಿಲ್ಲ. ಮೂವತ್ತು ಕಿಲೋಮೀಟರ್ ಆಗೋ ಹೊತ್ತಿಗೆ ಕಾರು ಯಾರೋ ಹಿಂದಿಂದ ಹಿಡಿದೆಳೆದ ಹಾಗೆ ಬಿಗಿ ಆಯ್ತು, ನಿಲ್ಲಿಸಿದ್ರೆ ಸುಟ್ಟ ಎಣ್ಣೆ ವಾಸನೆ, ಕಪ್ಲಿಂಗ್ (ಹಿಂದಕ್ಕೆ ಶಕ್ತಿ ದಾಟಿಸೋ, ಮುಂದೆ ಹಿಂದೆ ವೇಗ ಬೇರೆಯಾದ್ರೆ ಜಾರಿ ಬಿಟ್ಕೊಡೋ ಜೋಡಣೆ) ಹತ್ರ ಕೈ ಇಡೋಕೆ ಆಗದಷ್ಟು ಬಿಸಿ. ಬಿಚ್ಚಿ ಎಣಿಸಿದ್ರೆ ಮುಂದಿನದು 2.5, ಹಿಂದಿನದು 2.6. ಅದು ದೊಡ್ಡ ಮಾಡೆಲ್ಲಿಂದ ಬಂದಿದ್ದ ಡಿಫರೆನ್ಷಿಯಲ್. 4 ಪರ್ಸೆಂಟ್ ವ್ಯತ್ಯಾಸ ಅಂದ್ರೆ ಏನ್ಮಹಾ ಅನ್ಸತ್ತೆ. ಚಕ್ರದ ಸುತ್ತಳತೆ 1.8 ಮೀಟರ್ ಇದ್ರೆ ಒಂದು ಕಿಲೋಮೀಟರಿಗೆ 555 ಸುತ್ತು, ಅದರ 4 ಪರ್ಸೆಂಟ್ 22 ಸುತ್ತು. ಪ್ರತಿ ಕಿಲೋಮೀಟರಿಗೂ 22 ಚಕ್ರದ ಸುತ್ತಿನಷ್ಟು ವ್ಯತ್ಯಾಸನ ಕಪ್ಲಿಂಗ್ ಒಂದೇ ಜಾರಿಸಿ ಜಾರಿಸಿ ನುಂಗ್ಬೇಕು, ನೇರ ರಸ್ತೇಲೂ, ಒಂದು ಕ್ಷಣಾನೂ ಬಿಡುವಿಲ್ದೆ. ಆ ಕಪ್ಲಿಂಗ್ ಹೋಯ್ತು. ಹಾಕೋ ಮುಂಚೆ ಅರ್ಧ ಗಂಟೆ ಕೂತು ಎಣಿಸಿದ್ರೆ ಉಳೀತಿತ್ತು ಅನ್ನೋ ಸಂಕಟ ನನಗೆ ಈಗ್ಲೂ ಇದೆ, ಅದಕ್ಕೇ ಎಣಿಸೋ ರೀತಿ ಹೇಳ್ಕೊಡ್ತೀನಿ, ಬರ್ಕೊಳ್ಳಿ.

ಹಿಂದಿನ ಡಿಫರೆನ್ಷಿಯಲ್ ಮೇಜಿನ ಮೇಲಿಡಿ. ಒಂದು ಪಕ್ಕದ ಫ್ಲೇಂಜ್ ಅಲುಗಾಡದ ಹಾಗೆ ಹಿಡೀರಿ, ಇನ್ನೊಂದು ಪಕ್ಕದ್ದನ್ನ 20 ಸುತ್ತು ತಿರುಗಿಸಿ. ಒಂದು ಕಡೆ ನಿಂತಿರೋದ್ರಿಂದ ಒಳಗಿನ ದೊಡ್ಡ ಗೇರ್ ಅದರ ಅರ್ಧ ಮಾತ್ರ ತಿರುಗತ್ತೆ, 10 ಸುತ್ತು. ಪ್ರಾಪ್ ಶಾಫ್ಟ್ ಕಟ್ಟೋ ಫ್ಲೇಂಜಿಗೆ ಬಿಳೀ ಗುರುತು ಹಾಕಿ ಅದು ಎಷ್ಟು ಸುತ್ತು ತಿರುಗ್ತು ಎಣಿಸಿ. 25 ಬಂದ್ರೆ ಅನುಪಾತ 2.5, 26 ಬಂದ್ರೆ 2.6. ಮುಂದೇನೂ ಹಾಗೇನೇ, ಗೇರ್ ನ್ಯೂಟ್ರಲ್, ಒಂದು ಚಕ್ರ ಹಿಡಿದು ಇನ್ನೊಂದನ್ನ 20 ಸುತ್ತು ತಿರುಗಿಸಿ ಕೋನದ ಪೆಟ್ಟಿಗೆಯ ಶಾಫ್ಟ್ ಕಟ್ಟೋ ಬಾಯಿ ಎಷ್ಟು ಸುತ್ತು ತಿರುಗ್ತು ಎಣಿಸಿ. ಇದು ನಡೆಯೋದು ಪೆಟ್ಟಿಗೆ ನೇರವಾಗಿ ಮುಂದಿನ ಡಿಫರೆನ್ಷಿಯಲ್ಲಿಂದ ಶಕ್ತಿ ತಗೊಳೋ ಬಗೇಲಿ. ಗೇರ್‌ಬಾಕ್ಸ್ ಒಳಗೆ ಮಧ್ಯದ ಡಿಫರೆನ್ಷಿಯಲ್, ಅಂದ್ರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋದು, ಇರೋದ್ರಲ್ಲಿ ಈ ಎಣಿಕೆ ಸರಿ ಬರಲ್ಲ, ಕೇಸ್ ಬಿಚ್ಚಿ ಹಲ್ಲೇ ಎಣಿಸ್ಬೇಕು.

ಟೈರೂ ಈ ಲೆಕ್ಕದೊಳಗೇ ಬರತ್ತೆ. ಹೊಸ ಟೈರ್ ಮೇಲೆ 8 ಮಿಲಿಮೀಟರ್ ರಬ್ಬರ್, ಸವೆದದ್ದರ ಮೇಲೆ 3. ತ್ರಿಜ್ಯ 300 ಮಿಲಿಮೀಟರ್ ಇದ್ರೆ ಆ 5 ಮಿಲಿಮೀಟರ್ ಅಂದ್ರೆ 1.6 ಪರ್ಸೆಂಟಿಗೂ ಹೆಚ್ಚು. ಎರಡು ಟೈರ್ ಮಾತ್ರ ಹೊಸದು ಹಾಕೋ ಅಭ್ಯಾಸ ಇಲ್ಲಿಗೆ ಬಿಡಿ.

ಮುಂದೆ ಹಿಂದೆ ಅನುಪಾತ ಕೂದಲೆಳೆಯಷ್ಟೂ ತಪ್ಪದ ಹಾಗಿದ್ರೂ ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗತ್ತೆ. ವೀಲ್‌ಬೇಸ್ 2.5 ಮೀಟರಿನ ಕಾರು, ಹಿಂದಿನ ಆಕ್ಸಲ್ 4 ಮೀಟರ್ ತ್ರಿಜ್ಯದಲ್ಲಿ ಪೂರ್ತಿ ಒಂದು ಸುತ್ತು ಹೊಡೆದ್ರೆ ಹಿಂದಿನದು 25 ಮೀಟರ್, ಮುಂದಿನದು 29.6 ಮೀಟರ್ ಹೋಗತ್ತೆ. ಆ ನಾಲ್ಕೂವರೆ ಮೀಟರ್ ಎಲ್ಲಾದ್ರೂ ಬಿಟ್ಕೊಡ್ಲೇಬೇಕು. ಆಡಿಯವರಿಗೇ ಈ ಅನುಭವ ಆಗಿತ್ತು. 1977ರಲ್ಲಿ ಅವರ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಹೇಳಿ ಶುರುವಾದ ಕೆಲಸ ಅದು, ಮುಂದಿನ ಚಕ್ರ ಎಳೆಯೋ ಆಡಿ 80 ಕಾರಿಗೆ ಸೇನೆಗೆ ಅಂತ ಮಾಡಿದ್ದ ಇಲ್ಟಿಸ್ ಗಾಡಿಯ ಡ್ರೈವ್ ಸಾಮಾನು ಹಾಕಿದ್ರು, ನಾವು ಮಾಡೋ ಕೆಲಸಾನೇ ನೋಡಿ. 1978ರ ಚಳಿಗಾಲದಲ್ಲಿ ಆಸ್ಟ್ರಿಯಾದ ಟುರಾಖರ್ ಹೋಹೆ ಘಾಟಿಯ ಹಿಮದ ಏರನ್ನ ಆ ಕಾರು ಬೇಸಿಗೆ ಟೈರಲ್ಲೇ ಹತ್ತಿಬಿಡ್ತು. ಆದ್ರೆ ಮಧ್ಯೆ ಡಿಫರೆನ್ಷಿಯಲ್ ಇರ್ಲಿಲ್ಲ. ಆಮೇಲೆ ಆಡಿಯ ಮಾಲೀಕ ಕಂಪನಿ ಫೋಕ್ಸ್‌ವ್ಯಾಗನ್‌ನ ಮುಖ್ಯ ಎಂಜಿನಿಯರ್ ಒಬ್ಬರ ಹೆಂಡತಿ ಅದನ್ನ ಊರೊಳಗೆ ಓಡಿಸಿ, ಬಿಗಿ ತಿರುವಲ್ಲಿ ಕಾರು ಕುಪ್ಪಳಿಸತ್ತೆ ಅಂದ್ರಂತೆ. 1980ರಲ್ಲಿ ಆಡಿ ಆ ಕೆಲಸದಿಂದ ಮಾಡಿದ ಕ್ವಾಟ್ರೋ ಕಾರು ಹೊರಗೆ ಬರೋ ಹೊತ್ತಿಗೆ ಮಧ್ಯದ ಡಿಫರೆನ್ಷಿಯಲ್ ಬಂದಿತ್ತು. ಅದರ ಹಿಂದಿನ ಸಸ್ಪೆನ್ಷನ್ ಏನು ಗೊತ್ತಾ, ಮುಂದಿನದನ್ನೇ ಅರ್ಧ ಸುತ್ತು ತಿರುಗಿಸಿ ಹಿಂದೆ ಕಟ್ಟಿದ್ದು. ಇದ್ದ ಸಾಮಾನಲ್ಲೇ ಜಾಣತನದಿಂದ ಮಾಡಿದ ಕೆಲಸ ಅಂತ ನನಗೆ ಅದರ ಮೇಲೆ ತುಂಬಾ ಗೌರವ.

ಮನೆ ಕೆಲಸಕ್ಕೆ ಯಾವ ಥರದ ಕಪ್ಲಿಂಗ್ ಒಳ್ಳೇದು ಅಂತ ಕೇಳ್ತಾರೆ. ವಿಸ್ಕಸ್ ಕಪ್ಲಿಂಗ್ ಸರಳ, ಒಳಗೆ ಸಿಲಿಕೋನ್ ದ್ರವ, ಸಾಲು ಸಾಲು ತೂತು ಬಿದ್ದ ತಟ್ಟೆಗಳು, ಒಂದು ಸಾಲು ಇನ್ನೊಂದಕ್ಕಿಂತ ಜೋರಾಗಿ ತಿರುಗಿದ್ರೆ ದ್ರವ ಬಿಸಿಯಾಗಿ ಹಿಡ್ಕೊಳತ್ತೆ, ಒಂದೇ ಒಂದು ವೈರ್ ಬೇಡ. ವಯಸ್ಸಾದ ಹಾಗೆ ಕೆಲವು ಖಾಯಂ ಬಿಗಿದುಬಿಡ್ತಾವೆ, ಹಳೇದು ತಗೊಳೋವಾಗ ನೋಡಿ ತಗೊಳ್ಳಿ. ಹಳೇ ಸಿಆರ್‌ವಿಯ ಹೋಂಡಾ ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ಅದ್ರಲ್ಲಿ ಎರಡು ಆಯಿಲ್ ಪಂಪ್, ಒಂದನ್ನ ಮುಂದಿನ ಚಕ್ರದಿಂದ ಬರೋ ಶಾಫ್ಟ್ ತಿರುಗಿಸತ್ತೆ, ಇನ್ನೊಂದನ್ನ ಹಿಂದಿನ ಚಕ್ರಗಳು. ಎರಡೂ ಸಮ ಓಡಿದ್ರೆ ಒಂದು ತಳ್ಳಿದ ಎಣ್ಣೆನ ಇನ್ನೊಂದು ಹೀರ್ಕೊಂಡು ಒತ್ತಡವೇ ಹುಟ್ಟಲ್ಲ, ಮುಂದಿನದು ಜಾರಿ ಜೋರಾಗಿ ತಿರುಗಿದ್ರೆ ಹೆಚ್ಚಾದ ಎಣ್ಣೆ ಕ್ಲಚ್ ತಟ್ಟೆ ಒತ್ತತ್ತೆ. ಕಂಪ್ಯೂಟರ್ ಇಲ್ಲ, ಎಲ್ಲಾ ಎಣ್ಣೆಯದೇ ಬುದ್ಧಿ, ಆದ್ರೆ ಅದಕ್ಕೆಂದೇ ಇರೋ ಎಣ್ಣೇನೇ ಹಾಕ್ಬೇಕು. 1998ರ ಸುಮಾರಿಗೆ ಬಂದ, ಕಂಪ್ಯೂಟರ್ ನಡೆಸೋ ಹಾಲ್ಡೆಕ್ಸ್ ಕಪ್ಲಿಂಗ್ ಇನ್ನೂ ಚುರುಕು, ಆದ್ರೆ ಅದು ಎಂಜಿನ್ ಕಂಪ್ಯೂಟರ್, ಎಬಿಎಸ್ ಎಲ್ಲರ ಜೊತೆ ಮಾತಾಡ್ಬೇಕು, ಮಾಹಿತಿ ಸಿಗ್ಲಿಲ್ಲ ಅಂದ್ರೆ ಹಿಂದಿನ ಚಕ್ರಕ್ಕೆ ಶಕ್ತಿ ಕೊಡಲ್ಲ. ಅದಕ್ಕೆ ಪ್ರತ್ಯೇಕ ಕಂಟ್ರೋಲರ್ ಸಿಗತ್ತೆ, ವೈರಿಂಗ್ ಬಲ್ಲವರು ಆ ದಾರಿ ಹಿಡೀಬಹುದು.

ಪ್ರಾಪ್ ಶಾಫ್ಟ್ ವಿಷಯ ಬೇಗ ಮುಗಿಸ್ತೀನಿ. ಯೂನಿವರ್ಸಲ್ ಜಾಯಿಂಟ್, ಅಂದ್ರೆ ಶಾಫ್ಟ್ ತುದಿಯ ಬಗ್ಗೋ ಕೀಲು, ಕೋನದಲ್ಲಿ ತಿರುಗಿದ್ರೆ ಒಂದು ಸುತ್ತಿಗೆ ಎರಡು ಸಲ ಆ ಕಡೆ ವೇಗ ಹೆಚ್ಚು ಕಮ್ಮಿ ಆಗತ್ತೆ. 3 ಡಿಗ್ರೀಲಿ ಅದು 0.14 ಪರ್ಸೆಂಟ್, ಗೊತ್ತೇ ಆಗಲ್ಲ, 10 ಡಿಗ್ರೀಲಿ ಒಂದೂವರೆ ಪರ್ಸೆಂಟ್, ಇಡೀ ಕಾರು ನಡುಗತ್ತೆ. ಎರಡೂ ತುದಿಯ ಕೋನ ಸಮ ಇದ್ದು, ಶಾಫ್ಟಿನ ಎರಡೂ ತುದೀಲಿ ಆ ಕೀಲು ಹಿಡಿಯೋ ನೊಗಗಳು (ಕವಲುಗಳು) ಒಂದೇ ಸಾಲಲ್ಲಿದ್ರೆ ಒಂದರ ನಡುಕನ ಇನ್ನೊಂದು ತಿಂದ್ಹಾಕತ್ತೆ. ಉದ್ದದ ವಿಷಯದಲ್ಲೂ ಹುಷಾರು, ಶಾಫ್ಟ್ ಉದ್ದ ಎರಡು ಪಟ್ಟಾದ್ರೆ ಅದು ಹಗ್ಗದ ಥರ ಬಾಗಿ ಬೀಸೋಕೆ ಶುರು ಮಾಡೋ ವೇಗ ಕಾಲು ಭಾಗಕ್ಕೆ ಇಳಿಯತ್ತೆ. ನಮ್ಮ ಲೆಕ್ಕದ ಕಾರಲ್ಲಿ ಗಂಟೆಗೆ 100 ಕಿಲೋಮೀಟರಿಗೆ ಶಾಫ್ಟ್ ನಿಮಿಷಕ್ಕೆ 2300 ಸುತ್ತು ತಿರುಗತ್ತೆ. ಅದಕ್ಕೇ ಕಂಪನಿಯವರು ಎರಡು ತುಂಡು ಮಾಡಿ ಮಧ್ಯೆ ಬೇರಿಂಗ್ ಕೊಡೋದು. ಶಾಫ್ಟ್ ಕತ್ತರಿಸಿ ಉದ್ದ ಸರಿ ಮಾಡೋದು ಮತ್ತೆ ಬ್ಯಾಲೆನ್ಸ್ ಮಾಡೋದು ಮಾತ್ರ ಮನೇಲಿ ಬೇಡ, ಮೆಷಿನ್ ಇರೋರ ಹತ್ರಾನೇ ಮಾಡಿಸಿ. ನಿಮ್ಮ ಕಾಲಿಗೂ ಅದಕ್ಕೂ ಮಧ್ಯೆ ಇರೋದು ಒಂದು ತಗಡು.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಗಟ್ಟಿಯಾಗಿ ಹೇಳ್ಬೇಕು. ನಾಲ್ಕು ಚಕ್ರದ ಕಾರಿನ ಟ್ಯಾಂಕ್ ಕುದುರೆ ಜೀನಿನ ಥರ ಇರತ್ತೆ, ಮಧ್ಯೆ ಶಾಫ್ಟ್ ಹೋಗೋಕೆ ಉಬ್ಬು, ಎರಡು ಕಡೆ ಎರಡು ಹೊಟ್ಟೆ, ಒಂದು ಹೊಟ್ಟೆಯ ಪೆಟ್ರೋಲನ್ನ ಇನ್ನೊಂದಕ್ಕೆ ಎಳೆಯೋಕೆ ಒಳಗೇ ಜೆಟ್ ಪಂಪ್. ಆ ಟ್ಯಾಂಕೇ ತನ್ನಿ, ಪಂಪ್, ಗೇಜ್ ಎಲ್ಲಾ ಸೇರಿಸಿ. ಇದ್ದ ಟ್ಯಾಂಕನ್ನೇ ಕತ್ತರಿಸಿ ಬೆಸೆದು ಆಕಾರ ಬದಲಾಯಿಸ್ತೀನಿ ಅನ್ನೋ ಯೋಚನೆ ತಲೆಯಿಂದ ತೆಗೀರಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ತುಂಬಿರತ್ತೆ, ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದಲ್ಲಿರೋ ಬೆಂಕಿ ಹುಡ್ಕೊಂಡು ಹೋಗತ್ತೆ. ಬಾಡಿ ಬೆಸೆಯೋ ಮುಂಚೆ ಟ್ಯಾಂಕ್, ಪೈಪ್ ಎಲ್ಲಾ ಬಿಚ್ಚಿ ಬೇರೆ ಕಟ್ಟಡದಲ್ಲಿಡಿ, ಬ್ಯಾಟರಿ ತಂತಿ ಬಿಚ್ಚಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಜೊತೆ ಇನ್ನೊಬ್ಬರನ್ನ ನಿಲ್ಲಿಸ್ಕೊಳ್ಳಿ. ಒಬ್ರೇ ಬೆಸೀಬೇಡಿ.

ಈಗಿನ ಕಾಲಕ್ಕೆ ಇನ್ನೊಂದು ದಾರಿ ಇದೆ, ಹಿಂದಕ್ಕೆ ಎಲೆಕ್ಟ್ರಿಕ್ ಮೋಟಾರ್. ಸಹಾರಾದ ಯೋಚನೇನೇ, ಎರಡನೇ ಎಂಜಿನ್ ಬದಲು ಮೋಟಾರ್. ಟೊಯೋಟಾ 2001ರಲ್ಲೇ ಎಸ್ಟಿಮಾ ಹೈಬ್ರಿಡ್‌ನಲ್ಲಿ ಹಿಂದೆ ಮೋಟಾರ್ ಇಟ್ಟಿತ್ತು. ನಾಲ್ಕನೇ ತಲೆಮಾರಿನ ಪ್ರಿಯಸ್ ಹಿಂದಿನ ಮೋಟಾರ್ ಬರೀ 5.3 ಕಿಲೋವ್ಯಾಟ್, ಜಾರೋ ಜಾಗದಿಂದ ಎದ್ದು ಹೋಗೋಕೆ ಅಷ್ಟು ಸಾಕು ಅಂತ ಅವರ ಲೆಕ್ಕ. ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್ ಇನ್ ಹೈಬ್ರಿಡ್‌ನಲ್ಲಿ ಮೊದಲು ಬಂದಾಗ 60 ಕಿಲೋವ್ಯಾಟ್ ಇತ್ತು. ಪ್ರಾಪ್ ಶಾಫ್ಟ್ ಇಲ್ಲ, ಅನುಪಾತ ಹೊಂದಿಸೋ ತಲೆನೋವಿಲ್ಲ, ಮುಂದಿನ ಗೇರ್‌ಬಾಕ್ಸ್ ಮುಟ್ಟೋದೇ ಬೇಡ. ಆದ್ರೆ ಮೋಟಾರ್ ಎಲ್ಲಿ ಕೂರತ್ತೆ? ಅದೇ ಹಿಂದಿನ ನೆಲದಲ್ಲಿ. ಸ್ಪ್ಲೈನ್ ಹಬ್ಬೂ ಬೇಕು, ಫ್ರೇಮೂ ಬೇಕು, ಮೇಲಿಂದ ನೂರಾರು ವೋಲ್ಟಿನ ಬ್ಯಾಟರಿ ಬೇರೆ, ಆ ಡಿಸಿ ವಿದ್ಯುತ್ ಜೀವ ತೆಗೆಯತ್ತೆ. ಅದನ್ನ ಕಲಿತವರ ಕೈಲಿ ಕೂತು ಕಲಿತ ಮೇಲಷ್ಟೇ ಮುಟ್ಟಿ.

ಬ್ರೇಕ್ ಕಡೆ, ಹೊಸ ಹಬ್ ಜೊತೆ ಬಂದ ಎಬಿಎಸ್ ಉಂಗುರದ ಹಲ್ಲು ನಿಮ್ಮ ಹಳೇದರಷ್ಟೇ ಇದೆಯಾ ಎಣಿಸಿ, ಇಲ್ಲದಿದ್ರೆ ಹಿಂದಿನ ಚಕ್ರ ಬೇರೆ ವೇಗದಲ್ಲಿ ಓಡ್ತಿದೆ ಅಂತ ಕಂಪ್ಯೂಟರ್ ತಪ್ಪು ತಿಳ್ಕೊಳತ್ತೆ. ಬಾಡಿ ಕತ್ತರಿಸಿ ಡ್ರೈವ್ ಬದಲಾಯಿಸಿದ ಕಾರಿಗೆ ನೋಂದಣಿ, ತಪಾಸಣೆ, ವಿಮೆ ಎಲ್ಲದರ ಒಪ್ಪಿಗೆನೂ ಬೇಕಾಗತ್ತೆ, ಅದನ್ನ ಕತ್ತರಿಸೋ ಮುಂಚೇನೇ ಕೇಳಿ ತಿಳ್ಕೊಳ್ಳಿ, ಪ್ರತಿ ಹಂತದ ಫೋಟೋ ತೆಗೆದಿಡಿ, ಒಳಗಿನ ಬೆಸುಗೆ ಆಮೇಲೆ ಯಾರಿಗೂ ಕಾಣಲ್ಲ.

ಯಾರೋ ಎದ್ದು ಕೇಳಿದ್ರಲ್ಲ, ಎಷ್ಟು ದಿನ ಹಿಡೀತು, ಇದ್ರ ಬದಲು ನಾಲ್ಕು ಚಕ್ರದ ಕಾರನ್ನೇ ತಗೊಂಡ್ರೆ ಆಗಲ್ವಾ ಅಂತ. ನನಗೆ ರಜೆ ದಿನಗಳಲ್ಲಿ ಮಾಡಿ 14 ತಿಂಗಳು ಹಿಡೀತು. ಅದ್ರಲ್ಲಿ ಗೇರ್‌ಬಾಕ್ಸ್, ಶಾಫ್ಟ್, ಡಿಫರೆನ್ಷಿಯಲ್ ಕಟ್ಟಿದ್ದು ಒಟ್ಟು ಮೂರು ವಾರ, ಹಿಂದಿನ ನೆಲಕ್ಕೇ ಏಳು ತಿಂಗಳು. ಬರೀ ಓಡಾಡೋಕೆ ಬೇಕಿದ್ರೆ ಖಂಡಿತಾ ಕಂಪನಿಯವರು ಮಾಡಿದ್ದೇ ತಗೊಳ್ಳಿ, ಅದು ಕಡಿಮೆ ಖರ್ಚು, ಹೆಚ್ಚು ಭದ್ರ. ನಿಮ್ಮ ಕಾರಿನ ಮಾಡೆಲ್ಲಲ್ಲಿ ನಾಲ್ಕು ಚಕ್ರದ್ದು ಬಂದೇ ಇಲ್ಲ, ಆ ಕಾರನ್ನ ಬಿಡೋಕೂ ಮನಸ್ಸಿಲ್ಲ, ಬೆಸೆಯೋಕೆ ಬರತ್ತೆ, ಕಾಯೋ ತಾಳ್ಮೆ ಇದೆ ಅನ್ನೋರಿಗೆ ಈ ಕೆಲಸ.

ಮೊದಲ ಓಟಕ್ಕೆ ಮುಂಚೆ ನಾಲ್ಕೂ ಚಕ್ರ ನೆಲದಿಂದ ಮೇಲಿರೋ ಹಾಗೆ ಸ್ಟ್ಯಾಂಡ್ ಮೇಲಿಟ್ಟು, ಯಾರೂ ಕೆಳಗಿಲ್ಲ ಅಂತ ನೋಡ್ಕೊಂಡು, ಮೊದಲ ಗೇರಲ್ಲಿ ಐಡಲಿಂಗಲ್ಲೇ ಓಡಿಸಿ ಕೇಳಿ. ಆಮೇಲೆ ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಿ, ಕುಪ್ಪಳಿಸಿದ್ರೆ ಕಪ್ಲಿಂಗ್ ಬಿಡ್ತಾ ಇಲ್ಲ ಅಂತ. ಹತ್ತು ಕಿಲೋಮೀಟರ್ ನೇರ ರಸ್ತೇಲಿ ಓಡಿಸಿ ನಿಲ್ಲಿಸಿ, ಕಪ್ಲಿಂಗ್ ಹತ್ರ ಕೈ ಹಿಡೀರಿ, ಬೆಚ್ಚಗಿದ್ರೆ ಸರಿ, ಸುಡೋ ಹಾಗಿದ್ರೆ ವಾಪಸ್ ಎಣಿಸೋಕೆ ಕೂತ್ಕೊಳ್ಳಿ. ಎಲ್ಲಾ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೂ ಹಳದಿ ಪೇಂಟಲ್ಲಿ ಒಂದು ಗೆರೆ ಎಳೆದಿಡಿ. 500 ಕಿಲೋಮೀಟರ್ ಆದ ಮೇಲೆ ಕೆಳಗೆ ಹೋಗಿ ನೋಡಿದಾಗ ಗೆರೆ ಎಲ್ಲಿ ತುಂಡಾಗಿದೆಯೋ ಆ ಬೋಲ್ಟ್ ಸಡಿಲ ಆಗಿದೆ. ನನ್ನ ಕಾರಲ್ಲಿ ಎರಡು ಕಡೆ ತುಂಡಾಗಿತ್ತು, ಎರಡೂ ಹಿಂದಿನ ಡಿಫರೆನ್ಷಿಯಲ್ ಫ್ರೇಮಿನ ಬೋಲ್ಟುಗಳು.